ಅಭಿನಂದನೆಗಳು, ನೀವು ಏಣಿ!

‘ನೀವು ಮನೆಯೊಳಗಿನ ಯಾವ ವಸ್ತು?’ ಎಂಬ ಪರೀಕ್ಷೆಯೊಂದು ಫೋನಿನಿಂದ ಫೋನಿಗೆ ಓಡಾಡುತ್ತಿದೆ. ತ್ರಿಕೋನ ಇಷ್ಟವೋ ವೃತ್ತವೋ? ಕನಸಿನಲ್ಲಿ ಬಾಗಿಲು ಎಡಕ್ಕೆ ತೆರೆಯುತ್ತದೋ ಬಲಕ್ಕೋ? ಉತ್ತರ ಒತ್ತಿದರೆ ಚಕ್ರವೊಂದು ತಿರುಗುತ್ತದೆ. ನಮ್ಮ ಅಂತರಾಳಕ್ಕೆ ಇಳಿದು ಹತ್ತಿ ಬರಲು, ಪಾಪ, ಅದಕ್ಕೂ ಮೂರು ಸೆಕೆಂಡು ಬೇಡವೇ?

ಸಾಹೇಬರೊಬ್ಬರಿಗೆ ‘ಏಣಿ’ ಬಂತು: ಇತರರನ್ನು ಮೇಲಕ್ಕೆ ಹತ್ತಿಸುವವರು. ಬಡ್ತಿಗಾಗಿ ವರ್ಷಗಟ್ಟಲೆ ಕಾಯುತ್ತಿರುವವರೆಲ್ಲ ಸಾಲಾಗಿ ಬಂದು ಅದಕ್ಕೆ ಲೈಕ್ ಒತ್ತಿದರು. ಜಗಳವಾಡದೆ ನಿದ್ದೆ ಬಾರದ ಮಹನೀಯರೊಬ್ಬರು ‘ದಿಂಬು’. ಸಾಲ ಪಡೆದು ನಾಪತ್ತೆಯಾದವರು ‘ದೀಪ’. ಸಾಲ ಕೊಟ್ಟವರು ಆ ಬೆಳಕಿನಲ್ಲೇ ಹುಡುಕುತ್ತಿದ್ದಾರೆ. ಪೊರಕೆಯಾದವರು ಮಾತ್ರ ಯಾರೂ ಇಲ್ಲ. ಆಗಿದ್ದರೂ ಹಂಚಿಕೊಂಡಿಲ್ಲ.

ಈ ವಿದ್ಯೆ ಹೊಸದೇನಲ್ಲ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಒಬ್ಬೊಬ್ಬರ ಕೈಗೂ ‘ಇದು ನಿನ್ನದು’ ಎಂದು ವರದಿ ಕೊಟ್ಟ. ಎಷ್ಟು ಸರಿಯಿದೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಸರಾಸರಿ ಅಂಕ ಐದಕ್ಕೆ 4.26. ಆಮೇಲೆ ನೋಡಿದರೆ ಎಲ್ಲರ ಕೈಯಲ್ಲಿದ್ದದ್ದೂ ಒಂದೇ ವರದಿ, ಅದರ ಬಹುಪಾಲು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದ್ದು! ಫೋರರ್ ಪುಣ್ಯಾತ್ಮ, ಕೊನೆಗಾದರೂ ಗುಟ್ಟು ಬಿಟ್ಟುಕೊಟ್ಟ.

ಈಗಿನವರು ಗುಟ್ಟು ಕೊಡುವವರಲ್ಲ, ಒಯ್ಯುವವರು. ಫೇಸ್‌ಬುಕ್‌ನಲ್ಲಿ 2014ರ ಹೊತ್ತಿಗೆ ಇಂಥದ್ದೇ ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಹಾಕಿಕೊಂಡವರು ಸುಮಾರು 2.7 ಲಕ್ಷ. ಚುನಾವಣಾ ಪ್ರಚಾರಕ್ಕೆ ಮತದಾರರ ಮಾಹಿತಿ ಬಳಸುತ್ತಿದ್ದ ಬ್ರಿಟನ್ನಿನ ಕಂಪನಿ ಕೇಂಬ್ರಿಜ್ ಅನಲಿಟಿಕಾದ ಕೈಸೇರಿದ್ದು ಮಾತ್ರ 8.7 ಕೋಟಿ ಜನರ ಮಾಹಿತಿ ಇರಬಹುದೆಂದು 2018ರಲ್ಲಿ ಫೇಸ್‌ಬುಕ್ಕೇ ಹೇಳಿತು. ಪರೀಕ್ಷೆ ಬರೆದವರು ತಾವು ಹೋದದ್ದಲ್ಲದೆ ಸ್ನೇಹಿತರನ್ನೂ ಕರೆದೊಯ್ದಿದ್ದರು. ಸ್ನೇಹವೆಂದರೆ ಹಾಗಿರಬೇಕು.

ನಮ್ಮ ಔದಾರ್ಯವಂತೂ ಇನ್ನೂ ಬತ್ತಿಲ್ಲ. ಪಾಸ್‌ವರ್ಡ್ ಮರೆತಾಗ ಮೊದಲು ಓದಿದ ಶಾಲೆ ಯಾವುದೆಂದು ಬ್ಯಾಂಕು ಕೇಳಿದರೆ, ‘ಇವರಿಗ್ಯಾಕೆ ನನ್ನ ಪುರಾಣ?’ ಎಂದು ಸಿಡುಕುತ್ತೇವೆ. ‘ಹಿಂದಿನ ಜನ್ಮದಲ್ಲಿ ನೀವು ಯಾರಾಗಿದ್ದಿರಿ?’ ಎಂಬ ಪರೀಕ್ಷೆ ಅದನ್ನೇ ಕೇಳಿದರೆ ಶಾಲೆಯ ಜೊತೆಗೆ ಹುಟ್ಟಿದ ದಿನಾಂಕ, ಸಾಕಿದ ನಾಯಿಯ ಹೆಸರು ಎಲ್ಲವನ್ನೂ ತುಂಬಿ, ರಾಜನೋ ರಾಣಿಯೋ ಆಗಿ ಎದ್ದು ಬರುತ್ತೇವೆ. ಹಿಂದಿನ ಜನ್ಮದಲ್ಲಿ ಪ್ರಜೆಗಳೇ ಇರಲಿಲ್ಲವೆಂದು ಕಾಣುತ್ತದೆ.

ನಿನ್ನೆ ಪರಿಚಯದವರೊಬ್ಬರಿಗೆ ಬಂದ ಫಲಿತಾಂಶ: ‘ನೀವು ಯಾರನ್ನೂ ಸುಲಭವಾಗಿ ನಂಬುವವರಲ್ಲ.’ ಅದರ ಕೆಳಗೆ ‘ನೂರಕ್ಕೆ ನೂರು ನಿಜ’ ಎಂದು ಬರೆದು, ಫೋನಿನಲ್ಲಿರುವ ಅಷ್ಟೂ ನಂಬರಿಗೆ ಕಳಿಸಿದ್ದಾರೆ.