ಪೋರನ ದಾರಿಯಲ್ಲಿ ನೂಕುನುಗ್ಗಲು

‘ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ’ ಎಂಬ ಗಾದೆಯನ್ನು ಹಿರಿಯರು ಬೈಗುಳವಾಗಿ ಬಳಸುತ್ತಿದ್ದರು. ಈಗ ಅದು ಉದ್ಯಮಶಾಸ್ತ್ರದ ಮೊದಲ ಸೂತ್ರವಾಗಿ ಬಡ್ತಿ ಪಡೆದಿದೆ. ಸ್ವಂತದ್ದೊಂದು ವ್ಯವಹಾರ ಶುರುಮಾಡುತ್ತೇನೆಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಕೈಯಲ್ಲಿ ದುಡ್ಡೆಷ್ಟಿದೆ, ಬರುವ ಕೆಲಸ ಯಾವುದು, ಸಾಲ ಮಾಡಿದರೆ ತೀರಿಸುವವರು ಯಾರು ಎಂಬ ಹಳೆಯ ಪ್ರಶ್ನೆಗಳನ್ನೆಲ್ಲ ಬದಿಗೆ ಸರಿಸಿ, ‘ನಿಮ್ಮ ನಿಶ್ ಯಾವುದು?’ ಎಂದು ಕೇಳಲಾಗುತ್ತದೆ. ನಿಶ್ ಎಂದರೆ ದೊಡ್ಡ ಕಂಪನಿಗಳ ಕಣ್ಣಿಗೆ ಬೀಳದ, ಪೈಪೋಟಿಯ ಸೋಂಕಿಲ್ಲದ, ಆದರೆ ಕೈಯಲ್ಲಿ ಹಣ ಹಿಡಿದ ಗಿರಾಕಿಗಳು ಹೇಗೋ ಕಿಕ್ಕಿರಿದು ಕಾಯುತ್ತಿರುವ ಮಾರುಕಟ್ಟೆಯ ಒಂದು ಮೂಲೆ. ಇಂಥ ಮೂಲೆಯೊಂದು ಪ್ರತಿಯೊಬ್ಬರ ಹೆಸರಿನಲ್ಲೂ ಮೊದಲೇ ಕಾದಿರಿಸಲ್ಪಟ್ಟಿದೆ, ಹುಡುಕಿ ಬಾಗಿಲು ತೆರೆಯುವುದಷ್ಟೇ ಬಾಕಿ ಎಂಬುದು ಈ ಮತದ ನಂಬಿಕೆ. ಪರಿಣಾಮವಾಗಿ ಊರಿನ ದಾರಿ ಬಿಕೋ ಎನ್ನುತ್ತಿದೆ, ಪೋರನ ದಾರಿಯಲ್ಲಿ ಕಾಲಿಡಲು ಜಾಗವಿಲ್ಲ.

ಮೂಲೆ ಹುಡುಕುವ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಬ್ಬ ಉದ್ಯಮಾಕಾಂಕ್ಷಿಗೆ ಕುರ್ಚಿ ಮಾಡಿ ಮಾರುವ ಆಸೆಯಿದೆ ಎಂದಿಟ್ಟುಕೊಳ್ಳೋಣ. ಬರೀ ಕುರ್ಚಿ ಎಂದೊಡನೆ ಮಾರ್ಗದರ್ಶಕರು ಮುಖ ಸಿಂಡರಿಸುತ್ತಾರೆ. ಕುಳಿತುಕೊಳ್ಳುವವರೆಲ್ಲ ಗಿರಾಕಿಗಳಾಗುವುದು ಅವರ ಶಾಸ್ತ್ರಕ್ಕೆ ಒಗ್ಗದ ಸಂಗತಿ. ಬೆನ್ನುನೋವಿರುವವರ ಕುರ್ಚಿ ಎಂದರೆ ತುಸು ಮೆತ್ತಗಾಗುತ್ತಾರೆ, ಆದರೂ ಇನ್ನಷ್ಟು ಕಿರಿದಾಗಲಿ ಎನ್ನುತ್ತಾರೆ. ಬೆನ್ನುನೋವಿರುವ, ಮನೆಯಿಂದಲೇ ರಾತ್ರಿ ಪಾಳಿಯ ಕೆಲಸ ಮಾಡುವ ತಂತ್ರಜ್ಞರ ಕುರ್ಚಿ ಎಂದಾಗ ಬಿಳಿ ಬೋರ್ಡಿನ ಮೇಲೆ ಮೊದಲ ಟಿಕ್ ಗುರುತು ಬೀಳುತ್ತದೆ. ಆ ತಂತ್ರಜ್ಞರು ಎಡಚರೂ ಆಗಿದ್ದು, ಕೆಲಸ ಮಾಡುವಾಗ ತೊಡೆಯ ಮೇಲೆ ಬೆಕ್ಕು ಮಲಗಿಸಿಕೊಳ್ಳುವ ಅಭ್ಯಾಸವುಳ್ಳವರೂ ಆಗಿದ್ದರೆ ಸಭೆಯಲ್ಲಿ ಚಪ್ಪಾಳೆ ಮೊಳಗುತ್ತದೆ. ಅಲ್ಲಿಗೆ ಪೈಪೋಟಿ ನಿರ್ನಾಮವಾಯಿತು. ಗಿರಾಕಿಯೂ ಅದರ ಬೆನ್ನಿಗೇ ಹೋದ ಎಂಬುದನ್ನು ಹೇಳುವ ಜವಾಬ್ದಾರಿ ಯಾರದೂ ಅಲ್ಲ. ಅಷ್ಟೂ ಲಕ್ಷಣಗಳು ಕೂಡಿಬಂದ ಏಕೈಕ ಮನುಷ್ಯ ಸಾಮಾನ್ಯವಾಗಿ ಆ ಉದ್ಯಮಾಕಾಂಕ್ಷಿಯೇ ಆಗಿರುತ್ತಾನೆ, ಮತ್ತು ಅವನ ಬಳಿ ಈಗಾಗಲೇ ಒಂದು ಕುರ್ಚಿ ಇರುತ್ತದೆ.

ಮುಂದಿನ ಹಂತದಲ್ಲಿ ‘ಆದರ್ಶ ಗ್ರಾಹಕ’ನ ಸೃಷ್ಟಿಯಾಗುತ್ತದೆ. ಅವನಿಗೆ ನಾಮಕರಣ ಮಾಡಿ, ಅಂತರ್ಜಾಲದಿಂದ ನಗುಮುಖದ ಚಿತ್ರವೊಂದನ್ನು ತಂದು ಅಂಟಿಸಿ, ಎಷ್ಟು ಗಂಟೆಗೆ ಏಳುತ್ತಾನೆ, ಏನು ಓದುತ್ತಾನೆ, ಯಾವ ಚಿಂತೆಯಿಂದ ಅವನಿಗೆ ನಿದ್ದೆ ಹತ್ತುವುದಿಲ್ಲ ಎಂಬುದನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ತುಂಬಲಾಗುತ್ತದೆ. ಪಾತ್ರಪೋಷಣೆಯ ದೃಷ್ಟಿಯಿಂದ ಇವುಗಳಲ್ಲಿ ಕೆಲವು ನಮ್ಮ ಕಾದಂಬರಿಗಳಿಗಿಂತ ಚೆನ್ನಾಗಿರುತ್ತವೆ ಎಂಬುದನ್ನು ಹೊಟ್ಟೆಕಿಚ್ಚಿಲ್ಲದೆ ಒಪ್ಪಬೇಕು. ಈ ಆದರ್ಶ ಪುರುಷನು ಬೆಲೆ ಕೇಳುವುದಿಲ್ಲ, ಚೌಕಾಸಿ ಮಾಡುವುದಿಲ್ಲ, ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎನ್ನುವುದಿಲ್ಲ. ಇಲ್ಲದಿರುವ ಮನುಷ್ಯನಿಗೆ ಇಂಥ ಸದ್ಗುಣಗಳು ಸುಲಭವಾಗಿ ಬರುತ್ತವೆ.

ಇಂಥ ಸದ್ಗುಣಿಯನ್ನು ನಂಬಿ ಯಂತ್ರವನ್ನೇ ಕಟ್ಟಿದವರೂ ಇದ್ದಾರೆ. ಅಮೆರಿಕದ ಜ್ಯೂಸೆರೋ ಎಂಬ ಕಂಪನಿಯು ಸುಮಾರು 120 ದಶಲಕ್ಷ ಡಾಲರ್ ಬಂಡವಾಳ ಎತ್ತಿ, ಹೆಚ್ಚಿಕೊಟ್ಟ ಹಣ್ಣು ತರಕಾರಿ ತುಂಬಿದ ಚೀಲವನ್ನು ಹಿಂಡಿ ರಸ ತೆಗೆಯುವ, ವೈಫೈ ಸಂಪರ್ಕವಿದ್ದ ಯಂತ್ರವೊಂದನ್ನು ತಯಾರಿಸಿತು. ಆರೋಗ್ಯದ ಕಾಳಜಿಯಿದ್ದು ಹಣ್ಣು ಹೆಚ್ಚಲು ಪುರುಸೊತ್ತಿಲ್ಲದ, ಪುರುಸೊತ್ತಿಲ್ಲದಿದ್ದರೂ ದುಡ್ಡಿರುವ ಜನವರ್ಗಕ್ಕೆ ಮೊದಲು 699 ಡಾಲರಿಗೆ, ಆಮೇಲೆ 399 ಡಾಲರಿಗೆ ಅದನ್ನು ನೀಡಲಾಯಿತು. 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ವರದಿಗಾರರು ಅದೇ ಚೀಲವನ್ನು ಬರಿಗೈಯಲ್ಲಿ ಹಿಂಡಿದಾಗ ಯಂತ್ರದಷ್ಟೇ ಬೇಗ, ಹೆಚ್ಚುಕಡಿಮೆ ಅಷ್ಟೇ ರಸ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಮೂಲೆಯನ್ನು ಎಷ್ಟೊಂದು ನಿಖರವಾಗಿ ಗುರುತಿಸಲಾಗಿತ್ತೆಂದರೆ, ಅಲ್ಲಿರುವವರಿಗೆ ಎರಡು ಕೈಗಳಿವೆ ಎಂಬ ಒಂದೇ ಒಂದು ಸಂಗತಿ ಮಾತ್ರ ಸಮೀಕ್ಷೆಯಿಂದ ತಪ್ಪಿಸಿಕೊಂಡಿತ್ತು.

ಸಮೀಕ್ಷೆ ಎಂದರೆ ಏನೆಂಬುದನ್ನೂ ಹೇಳಿಬಿಡುತ್ತೇನೆ. ‘ಇಂಥದ್ದೊಂದು ಉತ್ಪನ್ನ ಬಂದರೆ ಕೊಳ್ಳುವಿರಾ?’ ಎಂಬ ಪ್ರಶ್ನೆಯ ಕೆಳಗೆ ‘ಖಂಡಿತ’, ‘ಬಹುಶಃ’, ‘ಯೋಚಿಸುತ್ತೇನೆ’ ಎಂಬ ಮೂರು ಉತ್ತರಗಳನ್ನಿಟ್ಟು, ‘ಇಲ್ಲ’ ಎಂಬುದಕ್ಕೆ ಜಾಗವನ್ನೇ ಕೊಡದ ಅರ್ಜಿಯೊಂದನ್ನು ಚಿಕ್ಕಪ್ಪ, ಭಾವ, ಹಳೆಯ ಸಹಪಾಠಿಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು. ಚಿಕ್ಕಪ್ಪನವರು ಪ್ರಶ್ನೆ ಓದದೆ ‘ಖಂಡಿತ’ ಒತ್ತಿ ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಭಾವನವರು ಬಹುಶಃ ಎನ್ನುತ್ತಾರೆ, ಯಾಕೆಂದರೆ ಖಂಡಿತ ಎಂದರೆ ಮುಂದಿನ ಸಲ ಸಿಕ್ಕಾಗ ಹಣ ಹೂಡಲು ಕೇಳಬಹುದೆಂಬ ಭಯ ಅವರಿಗಿದೆ. ಇದು ‘ಮಾರುಕಟ್ಟೆಯಿಂದ ಅಭೂತಪೂರ್ವ ಸ್ಪಂದನೆ’ ಎಂದು ಸ್ಲೈಡಿನ ಮೇಲೆ ದಾಖಲಾಗುತ್ತದೆ. ಮುಚ್ಚಿಹೋದ 101 ಸ್ಟಾರ್ಟಪ್‌ಗಳು ತಮ್ಮ ಸೋಲಿಗೆ ತಾವೇ ಬರೆದುಕೊಂಡ ಕಾರಣಗಳನ್ನು ಸಿಬಿ ಇನ್‌ಸೈಟ್ಸ್ ಎಂಬ ಸಂಶೋಧನಾ ಸಂಸ್ಥೆ ಒಟ್ಟುಮಾಡಿ ನೋಡಿದಾಗ, ಶೇ 42ರಷ್ಟು ಮಂದಿ ಹೇಳಿದ ಕಾರಣ ಮಾರುಕಟ್ಟೆಗೆ ಅದು ಬೇಕಾಗಿರಲಿಲ್ಲ ಎಂಬುದಾಗಿತ್ತು. ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಅವರೆಲ್ಲರ ಚಿಕ್ಕಪ್ಪಂದಿರೂ ಹೆಬ್ಬೆರಳು ಎತ್ತಿದ್ದಿರಬೇಕು.

ತಮಾಷೆಯೆಂದರೆ, ಬೆಳಿಗ್ಗೆ ಮಾರ್ಗದರ್ಶಕರ ಮುಂದೆ ಹಿಡಿಯಷ್ಟಾಗಿದ್ದ ಮಾರುಕಟ್ಟೆ ಮಧ್ಯಾಹ್ನ ಹೂಡಿಕೆದಾರರ ಮುಂದೆ ಬ್ರಹ್ಮಾಂಡವಾಗಬೇಕು. ಅದಕ್ಕೆಂದೇ ಒಂದರೊಳಗೊಂದು ಮೂರು ವೃತ್ತಗಳ ಚಿತ್ರವಿದೆ. ಹೊರಗಿನ ವೃತ್ತದಲ್ಲಿ ಭೂಮಿಯ ಮೇಲೆ ಕುಳಿತುಕೊಳ್ಳುವ ಸಮಸ್ತ ಜೀವಿಗಳು, ನಡುವಿನದರಲ್ಲಿ ಕುರ್ಚಿಯವರೆಗೆ ನಡೆದು ಬರಬಲ್ಲವರು, ಒಳಗಿನದರಲ್ಲಿ ನಮ್ಮ ಪಾಲಿಗೆ ಬರುವ ‘ಕೇವಲ ಶೇಕಡಾ ಒಂದು’. ಆ ಶೇಕಡಾ ಒಂದು ಯಾಕೆ ಬರುತ್ತದೆ, ಯಾವ ಬಸ್ಸಿಗೆ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ಅಂಕಿ ಚಿಕ್ಕದಾಗಿರುವುದರಿಂದ ಅದು ವಿನಯದಂತೆ ಕಾಣುತ್ತದೆ. ಒಂದೇ ದಿನದಲ್ಲಿ ಒಂದೇ ಕುರ್ಚಿ ಬೆಕ್ಕು ಸಾಕಿದ ಎಡಚನಿಗೂ ಇಡೀ ಮನುಕುಲಕ್ಕೂ ಹೇಳಿಮಾಡಿಸಿದಂತಿರುವುದು ಪೀಠೋಪಕರಣಗಳ ಇತಿಹಾಸದಲ್ಲೇ ಹೊಸದು.

ಬುದ್ಧಿವಂತರು ಇಷ್ಟೆಲ್ಲ ಕಲ್ಪನೆ ಮಾಡುವುದಿಲ್ಲ, ಅವರು ದತ್ತಾಂಶ ನೋಡುತ್ತಾರೆ. ಜನ ಹೆಚ್ಚಾಗಿ ಹುಡುಕುವ ಆದರೆ ಮಾರುವವರು ಕಡಿಮೆಯಿರುವ ಪದಗಳನ್ನು ಗೂಗಲ್‌ನ ಸಲಕರಣೆಗಳು ಪಟ್ಟಿಮಾಡಿ ಕೊಡುತ್ತವೆ. ಮೊದಲ ಸಾಲನ್ನು ಎತ್ತಿಕೊಂಡರೆ ನಿಶ್ ಸಿದ್ಧ. ಅದೇ ಸಲಕರಣೆಯನ್ನು ಅದೇ ವಾರ ತೆರೆದ ಸಾವಿರಾರು ಮಂದಿಗೂ ಅದೇ ಮೊದಲ ಸಾಲು ಕಂಡಿರುತ್ತದೆ ಎಂಬುದು ಸಣ್ಣ ತೊಡಕು. ಸೋವಿಯತ್ ಜೀವವಿಜ್ಞಾನಿ ಗಾಸ್ 1934ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಎರಡು ಜಾತಿಯ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳನ್ನು ಒಂದೇ ಗಾಜಿನ ನಳಿಕೆಯಲ್ಲಿಟ್ಟು ಒಂದೇ ಆಹಾರ ಕೊಟ್ಟಾಗ, ಕೆಲವೇ ವಾರಗಳಲ್ಲಿ ಒಂದು ಜಾತಿ ಉಳಿದು ಇನ್ನೊಂದು ಅಳಿಯಿತು. ಬೇರೊಂದು ಜೋಡಿ ಮಾತ್ರ ಒಟ್ಟಿಗೇ ಬದುಕಿತು. ಒಂದು ಜಾತಿ ಮೇಲಿನ ನೀರಿನಲ್ಲಿ ತೇಲುವುದನ್ನು ತಿಂದರೆ ಇನ್ನೊಂದು ತಳದಲ್ಲಿ ಕುಳಿತದ್ದನ್ನು ತಿನ್ನುತ್ತಿತ್ತು. ಉದ್ಯಮಾಕಾಂಕ್ಷಿಗಳ ನಳಿಕೆಯಲ್ಲಿ ತಳಕ್ಕೆ ಕುಳಿತದ್ದನ್ನು ತಿಂದು ದುಂಡಗಾಗುತ್ತಿರುವ ಜಾತಿಯೂ ಒಂದಿದೆ, ಅದರ ಹೆಸರು ತರಬೇತುದಾರ.

ಈ ತರಬೇತುದಾರರ ಪ್ರವಚನದಲ್ಲಿ ಒಂದು ಗುಣಾಕಾರ ತಪ್ಪದೆ ಬರುತ್ತದೆ. ವೈರ್ಡ್ ಪತ್ರಿಕೆಯ ಸಂಸ್ಥಾಪಕ ಬಳಗದ ಕೆವಿನ್ ಕೆಲ್ಲಿ 2008ರಲ್ಲಿ ಬರೆದ ಪ್ರಬಂಧವೊಂದರ ಲೆಕ್ಕ ಅದು: ಒಬ್ಬ ಕಲಾವಿದನಿಗೆ 1,000 ಮಂದಿ ನಿಜವಾದ ಅಭಿಮಾನಿಗಳಿದ್ದು, ಒಬ್ಬೊಬ್ಬರಿಂದ ವರ್ಷಕ್ಕೆ 100 ಡಾಲರ್ ಲಾಭ ಬಂದರೆ 1,00,000 ಡಾಲರ್ ಆಗುತ್ತದೆ, ಜೀವನ ನಡೆಯುತ್ತದೆ. ಹಣ ಮಧ್ಯವರ್ತಿಗಳ ಪಾಲಾಗದೆ ನೇರವಾಗಿ ಕಲಾವಿದನ ಕೈಸೇರಬೇಕು, ಪ್ರತಿವರ್ಷ ಅಷ್ಟು ಬೆಲೆಬಾಳುವ ಹೊಸದನ್ನು ಅವನು ಸೃಷ್ಟಿಸುತ್ತಲೇ ಇರಬೇಕು ಎಂಬ ಷರತ್ತುಗಳು ಅದರಲ್ಲಿದ್ದವು. ಬಾಯಿಂದ ಬಾಯಿಗೆ ದಾಟುವಾಗ ಷರತ್ತುಗಳೆಲ್ಲ ಉದುರಿ ಗುಣಾಕಾರವೊಂದೇ ಉಳಿಯಿತು. ಈಗ ಅದನ್ನು ಕೇಳುವವರು ಕೂತಲ್ಲೇ ಅಭಿಮಾನಿಗಳ ಸಂಖ್ಯೆಯನ್ನು ಎರಡು ಸಾವಿರಕ್ಕೆ ಏರಿಸಿಕೊಂಡು ಕಾರಿನ ಬಣ್ಣ ಯೋಚಿಸುತ್ತಾರೆ. ಆ ಸಭಾಂಗಣದಲ್ಲಿ ಹಣ ಕೊಟ್ಟು ಬಂದ ಸಾವಿರ ಮಂದಿಯನ್ನು ನಿಜವಾಗಿಯೂ ಸಂಪಾದಿಸಿರುವವನು ವೇದಿಕೆಯ ಮೇಲಿದ್ದಾನೆ, ಮತ್ತು ಆ ಸಾವಿರ ಮಂದಿ ತಾವೇ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಇದು ವಿಡಂಬನಕಾರನ ಉತ್ಪ್ರೇಕ್ಷೆ ಎನ್ನುವವರು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2018ರ ಜೂನ್‌ನಲ್ಲಿ ಮೋಬ್ ಎಂಬ ಸಂಸ್ಥೆಯ ವಿರುದ್ಧ ಹೂಡಿದ ಮೊಕದ್ದಮೆಯನ್ನು ಗಮನಿಸಬೇಕು. ಅಂತರ್ಜಾಲದಲ್ಲಿ ಸ್ವಂತ ವ್ಯವಹಾರ ಕಟ್ಟಿ ಹಣ ಗಳಿಸಲು 21 ಮೆಟ್ಟಿಲುಗಳ ಪರೀಕ್ಷಿತ ಪದ್ಧತಿಯಿದೆ ಎಂದು ಆ ಸಂಸ್ಥೆ ಜಾಹೀರಾತು ನೀಡುತ್ತಿತ್ತು. ಒಂದಷ್ಟು ಮೆಟ್ಟಿಲು ಹತ್ತಿದ ಮೇಲೆ ಸಾವಿರಾರು ಡಾಲರಿನ ಸದಸ್ಯತ್ವಗಳನ್ನು ಒಂದರ ಮೇಲೊಂದರಂತೆ ಕೊಳ್ಳಬೇಕಾಗುತ್ತಿತ್ತು. ಕೊಂಡವರಿಗೆ ಕೊನೆಗೆ ತಿಳಿದುಬರುತ್ತಿದ್ದ ರಹಸ್ಯವೆಂದರೆ, ಕಮಿಷನ್ನಿನ ಆರೋಪದ ಪ್ರಕಾರ, ಅದೇ ಸದಸ್ಯತ್ವಗಳನ್ನು ಇನ್ನೊಬ್ಬ ಆಸೆಗಣ್ಣಿನವನಿಗೆ ಮಾರುವುದೇ ಆ ವ್ಯವಹಾರವಾಗಿತ್ತು. ನಿಶ್ ಹುಡುಕುವವರೇ ನಿಶ್ ಎಂಬ ಸತ್ಯವನ್ನು ಅರಿತವರು ಕಡಿಮೆ. ಅದನ್ನು 21 ಮೆಟ್ಟಿಲುಗಳಲ್ಲಿ ಹಂಚಿ ಮಾರಿದವರು ಇನ್ನೂ ಕಡಿಮೆ. ಮಾರುಕಟ್ಟೆಶಾಸ್ತ್ರದ ದೃಷ್ಟಿಯಿಂದ ಅದೊಂದು ನಿರ್ದುಷ್ಟ ಮೂಲೆಯೇ ಸರಿ: ಗಿರಾಕಿಗೆ ನೋವಿದೆ, ದುಡ್ಡಿದೆ, ಭರವಸೆಯಿದೆ, ಸೋತರೆ ತಪ್ಪು ತನ್ನದೇ ಎಂದು ನಂಬುವ ಒಳ್ಳೆಯತನವೂ ಇದೆ.

ನಿಜವಾಗಿ ಮೂಲೆ ಸಿಕ್ಕಿದವರ ಕಥೆಗಳು ಪ್ರವಚನಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಜರ್ಮನಿಯಿಂದ ಕೆನಡಾಕ್ಕೆ ಬಂದ ಟೋಬಿಯಸ್ ಲುಟ್ಕೆ ಎಂಬ ಪ್ರೋಗ್ರಾಮರ್ 2004ರಲ್ಲಿ ಗೆಳೆಯನೊಬ್ಬನ ಜೊತೆ ಅಂತರ್ಜಾಲದಲ್ಲಿ ಸ್ನೋಬೋರ್ಡ್, ಅಂದರೆ ಹಿಮದ ಮೇಲೆ ಜಾರುವ ಹಲಗೆ, ಮಾರುವ ಅಂಗಡಿ ತೆರೆದರು. ಅಂಗಡಿ ನಡೆಸಲು ಸಿಗುತ್ತಿದ್ದ ತಂತ್ರಾಂಶಗಳು ಸರಿಯಿಲ್ಲವೆಂದು ತಾವೇ ಒಂದನ್ನು ಬರೆದುಕೊಂಡರು. ಸ್ನೋಬೋರ್ಡಿಗಿಂತ ಆ ತಂತ್ರಾಂಶದ ಮೇಲೆಯೇ ಉಳಿದ ವ್ಯಾಪಾರಿಗಳ ಕಣ್ಣು ಬಿತ್ತು; 2006ರಲ್ಲಿ ಅದು ಶಾಪಿಫೈ ಎಂಬ ಹೆಸರಿನಲ್ಲಿ ಹೊರಬಂತು. ಇಂದು ನಿಶ್ ಹಿಡಿದು ಅಂಗಡಿ ತೆರೆಯುವ ಲಕ್ಷಾಂತರ ಮಂದಿ ಅಲ್ಲಿಯೇ ಬಾಡಿಗೆ ಕಟ್ಟುತ್ತಿದ್ದಾರೆ.

ಆ ಲುಟ್ಕೆಯವರು ಈಗಿನ ಕಾರ್ಯಾಗಾರವೊಂದಕ್ಕೆ ಶುಲ್ಕ ಕಟ್ಟಿ ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಮಾರ್ಗದರ್ಶಕರು ಅವರ ಹಾಳೆಯ ಮೇಲೆ ಕಣ್ಣಾಡಿಸಿ, ಸ್ನೋಬೋರ್ಡ್ ಮಾರಲು ಬಂದವರು ಕೂತು ತಂತ್ರಾಂಶ ಬರೆಯುವುದು ಗುರಿ ತಪ್ಪಿದ ಲಕ್ಷಣವೆಂದು ಪ್ರೀತಿಯಿಂದಲೇ ಗದರುತ್ತಿದ್ದರು. ಆದರ್ಶ ಗ್ರಾಹಕನ ಚಿತ್ರ ಅಂಟಿಸಿಲ್ಲವೆಂದು ಅಂಕ ಕಳೆಯುತ್ತಿದ್ದರು. ತಂತ್ರಾಂಶದ ಕೆಲಸವನ್ನು ಸದ್ಯಕ್ಕೆ ಬದಿಗಿಟ್ಟು, ಸ್ನೋಬೋರ್ಡುಗಳಲ್ಲಿ ಯಾವ ಬಣ್ಣದವಕ್ಕೆ ಪೈಪೋಟಿ ಕಡಿಮೆಯಿದೆಯೆಂದು ಹುಡುಕಿಕೊಂಡು ಬನ್ನಿ, ಮುಂದಿನ ಶನಿವಾರದ ಸುಧಾರಿತ ತರಗತಿಯಲ್ಲಿ ಅದನ್ನು ಇನ್ನಷ್ಟು ಕಿರಿದುಗೊಳಿಸೋಣ, ಇವತ್ತೇ ಹೆಸರು ನೋಂದಾಯಿಸಿದರೆ ಅರ್ಧ ಶುಲ್ಕ ಎನ್ನುತ್ತಿದ್ದರು.