ಕುಡಿಯುವ ನೀರಿನ ಪೈಪ್‌ಲೈನಿಗೂ ಪರಿಸರ ಸಲಹೆಗಾರರ ನೇಮಕ ಕಡ್ಡಾಯ ಆಗಬೇಕೇ?

ಸಕಲೇಶಪುರದ ಹಳ್ಳಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆಗೆ ಕೇಂದ್ರದ ಪರಿಸರ ಅನುಮತಿ ಪಡೆಯಲಿಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಜಲವಿದ್ಯುತ್ ಇದೆ, ನೀರಾವರಿ ಇದೆ. ಕುಡಿಯುವ ನೀರು ಇಲ್ಲ. ಹಾಗಾಗಿ ಪರಿಸರ ವರದಿ ಬರೆಯುವ ಸಲಹಾ ಸಂಸ್ಥೆಯನ್ನು ಗೊತ್ತುಮಾಡಲೇಬೇಕು ಎಂಬ ಕಟ್ಟುಪಾಡೂ ಇರಲಿಲ್ಲ. ಇನ್ನು ಮುಂದೆ ಇಂಥ ದೊಡ್ಡ ಯೋಜನೆಗಳಿಗೆ ಆ ನೇಮಕ ಕಡ್ಡಾಯ ಆಗಬೇಕಾ?

ಪರ: ಮೊದಲು ವರದಿ, ಆಮೇಲೆ ಪೈಪು

ಸಕಲೇಶಪುರದ ಆ ಹಳ್ಳಗಳಲ್ಲಿ ಎಷ್ಟು ನೀರಿದೆ? ಇಡೀ ಯೋಜನೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಸರ್ಕಾರದ ಲೆಕ್ಕ 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕ ಸುಮಾರು 9.55 ಟಿಎಂಸಿ. ಯೋಜನೆಯಲ್ಲಿ ಕುಡಿಯುವುದಕ್ಕೆ ಎಂದು ಇಟ್ಟಿರುವುದೇ 14 ಟಿಎಂಸಿ. ಉಳಿದದ್ದು ಕೆರೆ ತುಂಬಿಸಲು. ವಿಜ್ಞಾನಿಗಳ ಲೆಕ್ಕ ಸರಿ ಎಂದಾದರೆ, ಕೆರೆಯ ಮಾತು ಬಿಡಿ, ಕುಡಿಯುವ ಪಾಲಿಗೂ ನೀರು ಸಾಲದು.

ಇಷ್ಟು ದೊಡ್ಡ ಅಂತರ ಎಲ್ಲಿ ಬಗೆಹರಿಯಬೇಕಿತ್ತು? ಅದಕ್ಕೊಂದು ಜಾಗವೇ ಇರಲಿಲ್ಲ. ನನ್ನ ದೊಡ್ಡ ಬೇಸರ ಇದೇ.

ಪರಿಸರ ವರದಿ ಕಡ್ಡಾಯವಾಗಿದ್ದರೆ ಕೆಲಸ ಒಂದು ಕ್ರಮದಲ್ಲಿ ನಡೆಯುತ್ತಿತ್ತು. ಏನೇನು ಅಧ್ಯಯನ ಮಾಡಬೇಕು ಎಂಬುದನ್ನು ತಜ್ಞರ ಸಮಿತಿ ಮೊದಲೇ ಬರೆದು ಕೊಡುತ್ತದೆ. ಸಲಹೆಗಾರರು ಹಳ್ಳಕ್ಕೆ ಇಳಿದು ನೀರು, ಮಣ್ಣು, ಕಾಡು, ಮೀನು ಎಲ್ಲವನ್ನೂ ದಾಖಲಿಸಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಬರಬೇಕು. ಮೂವತ್ತು ದಿನ ಮುಂಚೆ ತಿಳಿಸಿ ಸಾರ್ವಜನಿಕ ಅಹವಾಲು ಸಭೆ ಕರೆಯಬೇಕು. ಜಿಲ್ಲಾಧಿಕಾರಿಯೋ ಅವರ ಪರವಾಗಿ ಬಂದ ಹಿರಿಯ ಅಧಿಕಾರಿಯೋ ಅಲ್ಲಿ ಕೂರುತ್ತಾರೆ. ಸಕಲೇಶಪುರದ ಕಾಫಿ ಬೆಳೆಗಾರ ಎದ್ದು ನಿಂತು ಹೇಳಿದ ಮಾತು ದಾಖಲಾಗುತ್ತದೆ. ಅಂತಿಮ ವರದಿಯಲ್ಲಿ ಅದಕ್ಕೆ ಉತ್ತರ ಬರೆಯಲೇಬೇಕು. 9.55 ಎಂಬ ಅಂಕಿಗೂ ಅಲ್ಲಿ ಲಿಖಿತ ಉತ್ತರ ಸಿಗುತ್ತಿತ್ತು.

ಇದಾವುದೂ ಇಲ್ಲದೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಬಿತ್ತು. ತಕರಾರು ಇದ್ದವರು ಹಸಿರು ನ್ಯಾಯಮಂಡಳಿಗೆ ಹೋದರು. 2019ರಲ್ಲಿ ಅರ್ಜಿಗಳು ವಜಾ ಆದವು. 8,323 ಕೋಟಿ ಎಂದಿದ್ದ ವೆಚ್ಚ 12,912 ಕೋಟಿ ಆಯಿತು, ಆಮೇಲೆ 23,251 ಕೋಟಿಗೆ ಮುಟ್ಟಿತು. ಮೊದಲ ಹಂತ ಉದ್ಘಾಟನೆ ಆಗಿದ್ದು 2024ರ ಗೌರಿ ಹಬ್ಬದ ದಿನ. ಅಧ್ಯಯನ ಮಾಡುತ್ತಾ ಕೂತರೆ ಕೋಲಾರದ ಜನ ಫ್ಲೋರೈಡ್ ನೀರನ್ನೇ ಕುಡಿಯಬೇಕಾಗುತ್ತದೆ ಎನ್ನುತ್ತಾರೆ. ಆ ಜನರ ಕಷ್ಟ ನಿಜ, ಅದನ್ನು ಯಾರೂ ಹಗುರ ಮಾಡಬಾರದು. ಆದರೆ ಅಧ್ಯಯನ ಇಲ್ಲದೆಯೇ ಮೊದಲ ಹಂತಕ್ಕೆ ಹತ್ತು ವರ್ಷ ಹಿಡಿಯಿತಲ್ಲ!

ಸಲಹೆಗಾರರು ಯೋಜನೆಯವರ ದುಡ್ಡು ತಿಂದು ಸುಳ್ಳು ಬರೆಯುತ್ತಾರೆ ಎಂಬ ಮಾತಿದೆ. ಕೆಲವರು ಬರೆದಿರಬಹುದು. ಆದರೆ ಈಗ ಮಾನ್ಯತೆ ಪಡೆದ ಸಂಸ್ಥೆಗಳೇ ವರದಿ ಮಾಡಬೇಕು. ಯಾವ ಅಧ್ಯಾಯಕ್ಕೆ ಯಾವ ತಜ್ಞರು ಹೊಣೆ ಎಂದು ಅದರಲ್ಲೇ ಹೆಸರು ಹಾಕಬೇಕು. ಕೆಟ್ಟ ವರದಿಯ ತಪ್ಪನ್ನು ಸಾಲು ಹಿಡಿದು ಕೋರ್ಟಿನಲ್ಲಿ ತೋರಿಸಬಹುದು. ವರದಿಯೇ ಇಲ್ಲದಿದ್ದರೆ ಯಾವ ಸಾಲು ಹಿಡಿಯುವುದು?

ನೇಮಕ ಟೆಂಡರ್ ಕರೆಯುವ ಮೊದಲೇ ಆಗಬೇಕು. ಸಲಹೆಗಾರರ ಶುಲ್ಕಕ್ಕೂ ಅನುಮತಿ ಸಿಗುವುದಕ್ಕೂ ಸಂಬಂಧ ಇರಬಾರದು. ಅಳತೆಯ ಮೂಲ ಅಂಕಿಗಳು ಎಲ್ಲರಿಗೂ ಸಿಗಬೇಕು. ಇಷ್ಟು ಷರತ್ತು ಹಾಕಿ ಕಡ್ಡಾಯ ಮಾಡಿ.

ವಿರೋಧ: ಅಧ್ಯಯನ ಬೇಕು, ಈ ನೇಮಕ ಬೇಡ

ಅಳೆಯದೆ ನೀರು ತಿರುಗಿಸಬಾರದು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಈ ಸಲಹೆಗಾರರನ್ನು ಆರಿಸುವುದು ಯಾರು? ಯೋಜನೆ ಮಾಡುವವರೇ. ದುಡ್ಡು ಕೊಡುವುದು? ಅವರೇ. ಕರಡು ಮೊದಲು ಹೋಗುವುದು ಯಾರ ಮೇಜಿಗೆ? ಅದೂ ಅವರದೇ. ಗಂಡಿನ ಕಡೆಯವರು ತಾವೇ ಜಾತಕ ಬರೆಸಿ ತಂದ ಹಾಗಾಯಿತು. ಈ ಯೋಜನೆ ಬೇಡ ಎಂದು ಬರೆದ ಸಂಸ್ಥೆಗೆ ಮುಂದಿನ ಕೆಲಸ ಯಾರು ಕೊಡುತ್ತಾರೆ? ಅದರಲ್ಲಿ ಕೆಲಸ ಮಾಡುವ ಹುಡುಗರು ಕೆಟ್ಟವರೇನಲ್ಲ. ಆ ವ್ಯವಸ್ಥೆಯೊಳಗೆ ನಿಜ ಬರೆದವರ ಹೊಟ್ಟೆ ತುಂಬುವುದಿಲ್ಲ, ಅಷ್ಟೇ.

ಮಹಾರಾಷ್ಟ್ರದ ರತ್ನಗಿರಿಯ ಒಂದು ಬಾಕ್ಸೈಟ್ ಗಣಿಯ ಪರಿಸರ ವರದಿಯನ್ನು ನೆನೆಯಿರಿ. ರಷ್ಯಾದ ಗಣಿಯೊಂದರ ವರದಿಯಿಂದ ಭಾಗಗಳನ್ನು ಎತ್ತಿ ಅದರಲ್ಲಿ ಹಾಕಿದ್ದರು. ಕೊಂಕಣದ ಹಕ್ಕಿಗಳು ಸ್ಪ್ರೂಸ್ ಮತ್ತು ಬರ್ಚ್ ಕಾಡಿನಲ್ಲಿ ವಾಸ ಮಾಡುತ್ತವೆ ಎಂದು ಬರೆದಿತ್ತು. ಆ ಮರಗಳು ಬೆಳೆಯುವುದು ಚಳಿ ದೇಶದಲ್ಲಿ. ಮಾನ್ಯತೆ ಪದ್ಧತಿ ಬಂದ ಮೇಲೆ ಇಂಥದ್ದು ನಿಲ್ಲುತ್ತದೆ ಎನ್ನುವವರಿಗೆ ಒಂದು ಮಾತು. ಮಾನ್ಯತೆ ಕೊಡುವವರು ತಜ್ಞರ ಡಿಗ್ರಿ ನೋಡುತ್ತಾರೆ, ಅನುಭವ ನೋಡುತ್ತಾರೆ. ಸಂಬಳ ಯಾರ ಕೈಯಿಂದ ಬರುತ್ತದೆ ಎಂಬುದು ಮಾನ್ಯತೆಯಿಂದ ಬದಲಾಗುವುದಿಲ್ಲ.

ಪರ ವಾದಿಸುವವರು 9.55 ಟಿಎಂಸಿಯ ಮಾತು ತೆಗೆಯುತ್ತಾರೆ. ಆ ಅಂಕಿ ಬಂದದ್ದು ಎಲ್ಲಿಂದ? ಯೋಜನೆಯವರು ಗೊತ್ತುಮಾಡಿದ ಸಲಹಾ ಸಂಸ್ಥೆಯಿಂದಲ್ಲ. ಒಂದು ಸಾರ್ವಜನಿಕ ಸಂಶೋಧನಾ ಸಂಸ್ಥೆಯಿಂದ. ಯೋಜನೆಯವರ ಹಂಗು ಇಲ್ಲದವರು ಲೆಕ್ಕ ಹಾಕಿದ್ದಕ್ಕೇ ಅಂಥ ಅಂಕಿ ನಮ್ಮ ಮುಂದೆ ಬಂತು. ಇದಕ್ಕಿಂತ ದೊಡ್ಡ ಪುರಾವೆ ನನಗೆ ಬೇಕಿಲ್ಲ.

ಇನ್ನೊಂದು ತೊಡಕು ದೂರದ್ದು. ಇಂಥ ವರದಿಗಳು ಸಾಮಾನ್ಯವಾಗಿ ಯೋಜನಾ ಸ್ಥಳದ ಸುತ್ತ ಹತ್ತು ಕಿಲೋಮೀಟರ್ ನೋಡುತ್ತವೆ. ಎತ್ತಿನಹೊಳೆಯ ನೀರು ಗುಂಡ್ಯ ಹೊಳೆಗೆ ಸೇರಿ, ಕುಮಾರಧಾರೆಯಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಮಂಗಳೂರು ಕುಡಿಯುವುದು ಅದೇ ನೇತ್ರಾವತಿಗೆ ಕಟ್ಟಿದ ತುಂಬೆ ಅಣೆಕಟ್ಟಿನ ನೀರನ್ನು. ಘಟ್ಟದ ಮೇಲೆ ನೀರು ಎತ್ತಿದರೆ ಕಡಲ ಬಾಯಲ್ಲಿ ಮೀನಿಗೆ ಏನಾಗುತ್ತದೆ, ತುಂಬೆಯಲ್ಲಿ ಬೇಸಿಗೆಗೆ ಏನು ಉಳಿಯುತ್ತದೆ? ಹತ್ತು ಕಿಲೋಮೀಟರಿನ ವೃತ್ತದೊಳಗೆ ಈ ಪ್ರಶ್ನೆ ಬರುವುದೇ ಇಲ್ಲ.

ಮಳೆಯೂ ಹಾಗೇ. ಕೆಲವು ತಿಂಗಳು ಬಂದು ಅಳೆದು ಹೋಗುವವರಿಗೆ ಮಲೆನಾಡಿನ ಮಳೆ ಅರ್ಥ ಆಗುವುದಿಲ್ಲ. ಒಂದು ವರ್ಷ ಗುಡ್ಡ ಕುಸಿಯುವಷ್ಟು ಸುರಿಯುತ್ತದೆ, ಇನ್ನೊಂದು ವರ್ಷ ಕೈಕೊಡುತ್ತದೆ. ಅಲ್ಲಿನ ಎಷ್ಟೋ ಕಾಫಿ ತೋಟಗಳಲ್ಲಿ ದಿನಾ ಮಳೆ ಅಳೆದು ಬರೆದಿಟ್ಟ ಹಳೇ ಪುಸ್ತಕಗಳಿವೆ. ಅವನ್ನು ಕೇಳಿ ಪಡೆಯಲು ಕನ್ಸಲ್ಟೆಂಟ್ ಬೇಕಾ?

ಎಲ್ಲಕ್ಕಿಂತ ನನಗೆ ಭಯ ಇರುವುದು ಆ ವರದಿಯ ಬಳಕೆಯ ಬಗ್ಗೆ. ವರದಿ ಇಲ್ಲದಿದ್ದಾಗ ಜನ ಕನಿಷ್ಠ "ಅಧ್ಯಯನ ಎಲ್ಲಿದೆ?" ಎಂದು ಕೇಳಬಹುದು. ದಪ್ಪನೆಯ ವರದಿಯೊಂದು ಬಂದ ಮೇಲೆ "ತಜ್ಞರು ನೋಡಿದ್ದಾರೆ ಅಲ್ವಾ, ನೀವ್ಯಾರು?" ಎಂಬ ಉತ್ತರ ಸಿಗುತ್ತದೆ. ಅಹವಾಲು ಸಭೆಯಲ್ಲಿ ರೈತ ಹೇಳಿದ್ದಕ್ಕೆ "ಗಮನಿಸಲಾಗಿದೆ" ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಸುಮ್ನೆ ಒಂದು ಕಾಗದದ ಗುರಾಣಿಗೆ ನಮ್ಮದೇ ತೆರಿಗೆ ದುಡ್ಡು ಹೋಗುತ್ತದೆ.

ಬದಲಿಗೆ ಯೋಜನೆಯ ವೆಚ್ಚದ ಒಂದು ಪಾಲನ್ನು ಜಲಸಂಪನ್ಮೂಲ ಇಲಾಖೆಯ ಕೈಗೆ ಸಿಗದ ನಿಧಿಯಲ್ಲಿ ಇಡಲಿ. ಅಧ್ಯಯನ ಯಾರು ಮಾಡಬೇಕು ಎಂಬುದನ್ನು ಯೋಜನೆಗೆ ಸಂಬಂಧ ಇಲ್ಲದ ಸಮಿತಿ ತೀರ್ಮಾನಿಸಲಿ. ಸುರತ್ಕಲ್ಲಿನ ಎನ್‌ಐಟಿಕೆ ಇದೆ, ಭಾರತೀಯ ವಿಜ್ಞಾನ ಸಂಸ್ಥೆ ಇದೆ, ನಮ್ಮ ವಿಶ್ವವಿದ್ಯಾಲಯಗಳಿವೆ. ಹಳ್ಳಗಳಿಗೆ ಮಾಪಕ ಹಾಕಿ ಹಲವು ವರ್ಷ ಅಳೆಯಲಿ.

ಎತ್ತಿನಹೊಳೆಗೆ ಇದು ತಡವಾಯಿತು, ನಿಜ. ಆದರೂ ಹಳ್ಳಗಳಿಗೆ ಕಟ್ಟಿದ ಎಂಟು ವಿಯರ್‌ಗಳಿಂದ (ಅಡ್ಡಗಟ್ಟೆಗಳಿಂದ) ದಿನಕ್ಕೆ ಎಷ್ಟು ನೀರು ಎತ್ತಿದರು, ಕೆಳಗೆ ಎಷ್ಟು ಬಿಟ್ಟರು ಎಂಬುದನ್ನು ಪ್ರತಿದಿನ ಪ್ರಕಟಿಸಲು ಈಗಲೂ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಮಾತ್ರ ಎತ್ತುತ್ತೇವೆ ಎಂದು ಮಾತು ಕೊಟ್ಟಿದ್ದಾರೆ. ಆ ಅಂಕಿಗಳು ಸಕಲೇಶಪುರದಲ್ಲೂ ಕೋಲಾರದಲ್ಲೂ ಮಂಗಳೂರಿನಲ್ಲೂ ಜನರ ಕೈಗೆ ಸಿಗಲಿ. ಈ ಮಳೆಗಾಲದಿಂದಲೇ ಶುರು ಮಾಡಲಿ.