ಗಡುಸಾದ ಸೊಟ್ಟಪಾದಕ್ಕೆ ಎಳವೆಯಲ್ಲೇ ಆಪರೇಷನ್ ಬೇಕೇ?

ಪರ

ಹುಟ್ಟುವಾಗಲೇ ಒಳಕ್ಕೆ ತಿರುಗಿದ ಸೊಟ್ಟಪಾದಕ್ಕೆ ಮೊದಲು ಪ್ಲಾಸ್ಟರ್ ಹಾಕಿ ನೋಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಎಲ್ಲ ಸೊಟ್ಟಪಾದವೂ ಒಂದೇ ಥರ ಅಲ್ಲ. ಆರ್ಥ್ರೋಗ್ರೈಪೋಸಿಸ್ ಇರುವ ಮಗುವಿನ ಕೀಲುಗಳು ಹುಟ್ಟುವಾಗಲೇ ಬಿಗಿದಿರುತ್ತವೆ. ಸ್ಪೈನಾ ಬೈಫಿಡಾ, ಅಂದರೆ ಹುಟ್ಟಿನಿಂದಲೇ ಬೆನ್ನುಹುರಿಯ ದೋಷ, ಇದ್ದರೆ ಪಾದದಲ್ಲಿ ಸ್ಪರ್ಶವೇ ಇಲ್ಲದಿರಬಹುದು. ಪ್ಲಾಸ್ಟರ್ ಒಳಗೆ ಹುಣ್ಣಾದರೂ ಮಗು ಅಳುವುದಿಲ್ಲ. ಇಂಥ ಪಾದ ತಿದ್ದಿದ ಮೇಲೂ ಮತ್ತೆ ತಿರುಗಿಕೊಳ್ಳುವುದು ಜಾಸ್ತಿ. ಆಗ ಸ್ನಾಯುರಜ್ಜು ಉದ್ದ ಮಾಡಿ, ಕೀಲಿನ ಬಿಗಿ ಬಿಡಿಸಿದರೆ ಅಂಗಾಲು ನೆಲಕ್ಕೆ ಊರುತ್ತದೆ, ಶೂ ಹಿಡಿಸುತ್ತದೆ. ಮಂಡ್ಯದ ಕಡೆ ಕಬ್ಬು ಕಡಿಯುವ ಅಪ್ಪ-ಅಮ್ಮ ಕೂಲಿ ಬಿಟ್ಟು ವಾರವಾರ ಮೈಸೂರಿಗೆ ಬರುವುದಾದರೂ ಹೇಗೆ? ಅದನ್ನೂ ಯೋಚಿಸಬೇಕು.

ವಿರೋಧ

ಆಪರೇಷನ್ ಆದರೆ ಆಸ್ಪತ್ರೆಗೆ ಓಡಾಟ ತಪ್ಪುತ್ತದೆ ಅನ್ನುವುದೇ ಸುಳ್ಳು. ಅದಾದ ಮೇಲೂ ವಾರಗಟ್ಟಲೆ ಪ್ಲಾಸ್ಟರ್, ಆಮೇಲೆ ತಿದ್ದಿದ ಪಾದವನ್ನು ಹಾಗೇ ಹಿಡಿದಿಡುವ ಬ್ರೇಸ್. ಕೀಲು ಕೀಲು ಬಿಡಿಸಿದ ಜಾಗದಲ್ಲಿ ಗಾಯದ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಮಗು ದೊಡ್ಡದಾದಂತೆ ಪಾದ ಬಿಗಿದುಕೊಳ್ಳುತ್ತದೆ, ನೋವು ಬರುತ್ತದೆ. ಅಮೆರಿಕದ ಅಯೋವಾದಲ್ಲಿ ಮೂಳೆ ವೈದ್ಯ ಡಾ. ಪಾನ್ಸೆಟಿ ಇದನ್ನು ಕಂಡೇ 1940ರ ದಶಕದ ಕೊನೆಯಲ್ಲಿ ಬೇರೆ ದಾರಿ ಹಿಡಿದರು. ವಾರಕ್ಕೊಂದು ಪ್ಲಾಸ್ಟರ್, ಸಾಮಾನ್ಯವಾಗಿ ಐದಾರು ಸಾಕು. ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಒಂದು ಸಣ್ಣ ಕೊಯ್ತ, ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ. ಅದನ್ನೂ ದೊಡ್ಡ ಆಪರೇಷನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕಷ್ಟ ಇರುವುದು ಬ್ರೇಸಿನಲ್ಲಿ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ಮಲಗುವಾಗ. ಮದ್ದೂರಿನಲ್ಲಿರುವ ನನ್ನ ತಂಗಿ ಮಗನಿಗೆ ಎರಡೂ ಪಾದ ಒಳಗೆ ಮಡಚಿಕೊಂಡಿದ್ದವು. ಬ್ರೇಸಿನ ಎರಡು ಶೂಗಳ ನಡುವಿನ ಕಬ್ಬಿಣದ ಪಟ್ಟಿಗೆ ತಂಗಿ ಹಳೇ ಸೀರೆ ಸುತ್ತಿ ಹೊಲಿದಿದ್ದಳು, ಪಕ್ಕದಲ್ಲಿ ಮಲಗಿದವರ ಮೊಣಕಾಲಿಗೆ ತಾಗದಿರಲಿ ಅಂತ. ರಾತ್ರಿ ಅತ್ತರೆ ಅಜ್ಜಿ, 'ಬಿಚ್ಚವ್ವಾ, ಪಾಪ ಕಂದ' ಅನ್ನುತ್ತಿದ್ದರು. ತಂಗಿ ಬಿಚ್ಚಲಿಲ್ಲ. ಎತ್ತಿಕೊಂಡು, ಎರಡೂ ಕಾಲನ್ನು ಒಟ್ಟಿಗೆ ಹಿಡಿದು ಮಡಚಿ ಬಿಡಿಸುತ್ತಿದ್ದಳು. ಒಂದು ಕಾಲಷ್ಟೇ ಒದೆಯಲು ಹೋದರೆ ಪಟ್ಟಿ ತಡೆಯುತ್ತದೆ; ಹಾಗಾಗಿ ಎರಡೂ ಕಾಲು ಒಟ್ಟಿಗೆ ಆಡಿಸುವುದು ಅವನಿಗೆ ಅಭ್ಯಾಸವಾಯಿತು. ಈಗ ಶಾಲೆಯಲ್ಲಿ ಖೋಖೋ ಆಡುತ್ತಾನೆ. ತಿದ್ದಿದ ಪಾದ ಮತ್ತೆ ಸೊಟ್ಟಗಾಗುವುದಕ್ಕೆ ಮುಖ್ಯ ಕಾರಣ ಬ್ರೇಸ್ ಬಿಚ್ಚಿಡುವುದು. ಅದಕ್ಕೆ ಚಾಕು ಮದ್ದಲ್ಲ.

ಆರ್ಥ್ರೋಗ್ರೈಪೋಸಿಸ್ ಅಂತೀರಿ. ಅಂಥ ಮಕ್ಕಳೆಷ್ಟು? ಅವರಿಗೂ ಮೊದಲು ಪ್ಲಾಸ್ಟರೇ ಹಾಕುವುದು ಅಲ್ವಾ? ಕೂಲಿಯವರ ಮೇಲೆ ಕನಿಕರ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲೇ ವಾರಕ್ಕೊಂದು ದಿನ ಪ್ಲಾಸ್ಟರ್ ಹಾಕಿಸಿ, ಬ್ರೇಸ್ ಪುಕ್ಕಟೆ ಕೊಡಿಸಿ, ಬಸ್ ಚಾರ್ಜ್ ಕೊಡಿಸಿ.